ತೂತಿಲ್ಲದ ಗುಂಡಿ

ಅಲುಗಾಡಬೇಡಿ ಭಾವ! ಹೊಟ್ಟೆ ಒಳಗೆಳ್ಕೊಂಡ್ರೆ ನನ್ನ ಟೇಪಿಗೆ ಗೊತ್ತಾಗಲ್ವಾ? ಮೂವತ್ತು ವರ್ಷದಿಂದ ಊರಿನ ಹೊಟ್ಟೆಗಳನ್ನೆಲ್ಲ ಅಳೆದವನು ನಾನು. ಉಸಿರು ಬಿಡಿ... ಬಿಟ್ರಾ? ಅರೆ! ಮೂವತ್ತೆಂಟಿದ್ದ ಸೊಂಟ ಮೂವತ್ತೈದು! ಪ್ಯಾಂಟು ಜಾರುತ್ತೆ ಅಂತ ನೀವು ಬಂದಿದ್ದು ಸುಳ್ಳಲ್ಲ ಬಿಡಿ.

ಯಾಕೆ ನಗ್ತೀರಿ? ನಾನು ಹೇಳಿರ್ಲಿಲ್ವಾ? ಹಾಗಲಕಾಯಿ, ಮೆಂತ್ಯ, ದಾಲ್ಚಿನ್ನಿ ಅರೆದು ತುಂಬಿರೋ ಕ್ಯಾಪ್ಸೂಲು! ಬೆಳಿಗ್ಗೆ ಎರಡು, ಸಂಜೆ ಎರಡು. ನನ್ನ ಸಕ್ಕರೆ ಕಾಯಿಲೆ ಹೇಗೆ ಬಾಲ ಮುದುರಿಕೊಳ್ತು, ನೋಡಿದ್ರಲ್ಲ! ನಿಮ್ಮ ಸಕ್ಕರೆಗೂ ಅದೇ ಗತಿ! ಅದಕ್ಕೇ ನನ್ನ ರಕ್ತ ಪರೀಕ್ಷೆ ರಿಪೋರ್ಟನ್ನ ಗೋಡೆಗೆ ಅಂಟಿಸಿದೀನಿ. ಬಟ್ಟೆ ಕೊಡೋಕೆ ಬಂದವರೆಲ್ಲ ಮೊದಲು ಅದನ್ನೇ ಓದ್ತಾರೆ. 'ಡಾಕ್ಟ್ರೇ' ಅಂತಾರೆ ನನ್ನ, ಗೊತ್ತಾ? ಕಾಲರ್ ಸೊಟ್ಟಗಿದ್ರೂ ಯಾರೂ ಬಯ್ಯಲ್ಲ ಈಗ!

ಏನು, ನೀರಾ? ಈಗಷ್ಟೇ ಒಂದು ಚೊಂಬು ಖಾಲಿ ಮಾಡಿದ್ರಲ್ಲ! ಕುಡೀರಿ, ಕುಡೀರಿ... ಅಕ್ಕ ಫೋನಲ್ಲಿ ಅಂತಿದ್ಲು, ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳ್ತೀರಂತೆ, ಅವಳಿಗೂ ನಿದ್ದೆ ಇಲ್ಲವಂತೆ. 'ಕಾಯಿಲೆ ಹೊರಗೆ ಹೋಗ್ತಿದೆ ಕಣಕ್ಕ' ಅಂದೆ. ಹೇಗಿದೆ ಉತ್ತರ?

ಇರಿ, ನಿಮ್ಮ ಶರ್ಟಿನ ಗುಂಡಿ ಕಿತ್ತುಹೋಗಿದೆ. ಆ ಡಬ್ಬಿ ಕೊಡಿ... ಅಲ್ಲ, ಅಲ್ಲ, ನೀಲಿದು! ಕೆಂಪು ಡಬ್ಬಿ ಮುಟ್ಟಬೇಡಿ, ಅದು... ಹಳೇ ಗುಂಡಿ... ತೆಗೆದೇಬಿಟ್ರಾ?

ಹೌದು, ಗುಂಡೀನೇ. ಬಿಳಿ ಗುಂಡಿ. ತೂತಾ? ತೂತು... ಆಮೇಲೆ ಹಾಕ್ತೀನಿ. ಮಧ್ಯದಲ್ಲಿ ಗೆರೆ? ಹೊಸ ಫ್ಯಾಷನ್ನು ಭಾವ! ಅಯ್ಯೋ, ಮೂಸಿ ನೋಡ್ಬೇಡಿ!

ಸರಿ, ಸರಿ, ಸಿಕ್ಕಿಬಿದ್ದೆ. ಮಾತ್ರೆ. ಡಾಕ್ಟ್ರು ಬರೆದುಕೊಟ್ಟಿದ್ದೇ. ಒಂದು ದಿನಾನೂ ತಪ್ಪಿಸಿಲ್ಲ. ಕ್ಯಾಪ್ಸೂಲೂ ನುಂಗ್ತೀನಿ, ಇಲ್ಲ ಅನ್ನಲ್ಲ... ಆದ್ರೆ 'ಮಾತ್ರೆ ಬಿಟ್ಟೆ, ಬರೀ ಕ್ಯಾಪ್ಸೂಲಲ್ಲೇ ಇಳಿಸಿದೆ' ಅಂದ್ರೆ ಜನ ಬಾಯಿ ಬಿಟ್ಕೊಂಡು ಕೇಳ್ತಾರೆ. 'ಡಾಕ್ಟ್ರು ಹೇಳಿದ ಹಾಗೆ ನಡ್ಕೊಂಡೆ' ಅಂದ್ರೆ ಯಾರು ನಿಂತು ಕೇಳ್ತಾರೆ, ನೀವೇ ಹೇಳಿ? ಒಂದು ಸಣ್ಣ ಜಂಬ, ಅಷ್ಟೇ! ನಗಿ ಭಾವ. ಅಕ್ಕನ್ನ ಕಟ್ಕೊಂಡಾಗಿಂದ ನನ್ನ ಬುರುಡೆಗಳಿಗೆಲ್ಲ ನಕ್ಕವರು ನೀವೇ ತಾನೆ?

ಯಾಕೆ ನಗ್ತಿಲ್ಲ?

ಯಾಕೆ ಕೂತ್ಬಿಟ್ರಿ? ಭಾವ... ನಿಮ್ಮ ಮಾತ್ರೆ ತಗೋತಿದ್ದೀರಿ ತಾನೆ? ಕ್ಯಾಪ್ಸೂಲಿನ ಜೊತೆಗೇ? ಅಡ್ಡಡ್ಡ ತಲೆ ಆಡಿಸ್ತಿದ್ದೀರಲ್ಲ...

ಎಷ್ಟು ದಿನ ಆಯ್ತು ಬಿಟ್ಟು? ಎರಡು ಬೆರಳು ಅಂದ್ರೆ... ಎರಡು ವಾರ? ಅಲ್ಲವಾ? ಎರಡು ತಿಂಗಳಾ!

ಮೂರಿಂಚು... ಆ ನೀರು... ಆ ಬಚ್ಚಲು... ಎಲ್ಲ ಸಕ್ಕರೆ ಏರಿದ್ದಕ್ಕೇ! ನನ್ನ ಕೈಯಾರೆ ಅಳೆದು, ನಗ್ತಾ ನಿಂತಿದ್ನಲ್ಲ!

ಏ, ಏ, ಅದನ್ನ ಬಾಯಿಗೆ ಹಾಕ್ಕೋಬೇಡಿ! ಅದು ನನ್ನ ಅಳತೆಗೆ ಬರೆದಿದ್ದು, ನಿಮಗಲ್ಲ! ಕೊಡಿ ಇಲ್ಲಿ. ಏಳಿ, ಈಗಲೇ ಡಾಕ್ಟ್ರ ಹತ್ತಿರ ಹೋಗೋಣ. ನನ್ನ ಹೆಗಲು ಹಿಡ್ಕೊಳ್ಳಿ, ನಿಮ್ಮ ಪ್ಯಾಂಟು ನಾನು ಹಿಡ್ಕೋತೀನಿ. ಮಾತ್ರೆ ಯಾಕೆ ಬಿಟ್ರಿ ಅಂತ ಅವರು ಕೇಳ್ತಾರೆ. ನನ್ನ ಕಡೆ ಬೆರಳು ತೋರಿಸಿ. ಅಕ್ಕನಿಗೂ ನಾನೇ ಹೇಳ್ತೀನಿ.

ಭಾವ... ಬಯ್ರಿ. ಬಾಯಿ ತುಂಬ ಬಯ್ರಿ.