ಗುಂಡಿಯ ಫೋನಿನಿಂದ ಬಾರದ ಮಾತು

ನಾನು, ಚೈತ್ರಶ್ರೀ, ವಯಸ್ಸು 26 ವರ್ಷ, ಆನವಟ್ಟಿಯ ಶಿಕಾರಿಪುರ ರಸ್ತೆಯಲ್ಲಿರುವ ಪರಮಶಿವಪ್ಪನವರ ಅಕ್ಕಿ ಗಿರಣಿಯ ಆಫೀಸಿನಲ್ಲಿ ಟೈಪಿಂಗ್ ಮತ್ತು ಫೋನಿನ ಕೆಲಸ, ವಾಸ ಆನವಟ್ಟಿ ಪೇಟೆ ಬೀದಿ, ಈ ದಿನ ಠಾಣೆಗೆ ನಾನಾಗಿಯೇ ಬಂದು ಬರೆಸುತ್ತಿರುವುದೇನೆಂದರೆ:

ಗಿರಣಿಯ ಆಫೀಸು ಮಹಡಿಯ ಮೇಲಿದೆ. ಭತ್ತವನ್ನು ಮೇಲಕ್ಕೆ ಎತ್ತುವ ಬಕೆಟ್ ಬೆಲ್ಟಿನ ಗುಂಡಿ ಕೆಳಗೆ, ಹಿಂಬದಿಯಲ್ಲಿದೆ. ಅದರಲ್ಲಿ ಭತ್ತ ಕಟ್ಟಿಕೊಂಡರೆ ಆಳು ಒಳಗಿಳಿದು ಬಿಡಿಸಬೇಕು. ಮಿಷನ್ ಹಾಕುವ ಸ್ವಿಚ್ಚನ್ನು ಮಾಲೀಕರು ಕಳೆದ ವರ್ಷ ಆಫೀಸಿನೊಳಕ್ಕೆ ತರಿಸಿದರು. ಆಳುಗಳು ಮನಸ್ಸಿಗೆ ಬಂದಾಗ ಹಾಕಿ ಆರಿಸುತ್ತಾರೆ ಎಂಬುದು ಅವರ ದೂರು. ಅದಕ್ಕೂ ಮೊದಲು, ಮಿಷನ್ ಹಾಕುವವನು ಗುಂಡಿಯ ಬಾಯಲ್ಲಿ ನಿಂತು ಬಗ್ಗಿ ನೋಡಿ, ಶಿಳ್ಳೆ ಹೊಡೆದು ಹಾಕುತ್ತಿದ್ದ. ಈಗ ಶಿಳ್ಳೆಯ ಬದಲು ಮೇಲೊಂದು ಕೆಳಗೊಂದು ಇಂಟರ್‌ಕಾಮ್ ಫೋನ್ ಇದೆ. ನಾನು ಮೇಲಿನಿಂದ ಕೇಳಬೇಕು, ಕೆಳಗಿನವರು ಆಯ್ತು ಅನ್ನಬೇಕು, ಆಮೇಲೆ ಸ್ವಿಚ್ ಒತ್ತಬೇಕು.

ದಿನಾಂಕ 10-10-1997ರಂದು ಗಿರಣಿಯಲ್ಲಿ ಆಯುಧಪೂಜೆ ಆಯಿತು. ಮಾಲೀಕರು ತಮ್ಮ ಕೈಯಾರೆ ಮೋಟಾರು, ತಕ್ಕಡಿ, ಟೈಪ್‌ರೈಟರ್, ಹೊಸ ಫ್ಯಾಕ್ಸ್ ಮಿಷನ್ ಎಲ್ಲದಕ್ಕೂ ವಿಭೂತಿ ಹಚ್ಚಿದರು. ಪೂಜೆಯ ತಟ್ಟೆ ಹಿಡಿದು ನಾನೂ ಹಿಂದೆ ಇದ್ದೆ. ಗುಂಡಿಯ ಫೋನಿಗೆ ಬಂದಾಗ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು, ಮಾತಾಡುವ ತೂತುಗಳ ಮೇಲೆಯೇ ದಪ್ಪಗೆ ಎಳೆದರು. ಫೋನಿಗೆ ಹಣೆ ಇಲ್ಲ, ಬಾಯಿ ಇತ್ತು, ಬಾಯಿಗೇ ಹಚ್ಚಿದರು. ಒಳಗೆ ನೀರು ಹೋಗುತ್ತದೆ ಎಂದು ನಾನು ಹೇಳಿದೆ. ದೇವರದ್ದು, ಏನೂ ಆಗುವುದಿಲ್ಲ, ನಾಲ್ಕಕ್ಷರ ಕಲಿತವರಿಗೆ ಎಲ್ಲದರಲ್ಲೂ ಕೊಂಕು ಎಂದರು. ಪೂಜೆ ಮಾಡಿದ್ದನ್ನು ಕೆಲಸ ಶುರುವಾಗುವ ತನಕ ಮುಟ್ಟಬಾರದೆಂಬ ಪದ್ಧತಿ ಇರುವುದರಿಂದ ಯಾರೂ ಅದನ್ನು ಒರೆಸಲಿಲ್ಲ.

ಈ ದಿನ 13-10-1997, ಸೋಮವಾರ, ಹಬ್ಬದ ನಂತರ ಗಿರಣಿ ಮೊದಲು ತೆರೆಯಿತು. ಬೆಳಿಗ್ಗೆ ಸುಮಾರು ಒಂಬತ್ತೂವರೆಗೆ ಭತ್ತದ ಲಾರಿ ಬಂದು ನಿಂತಿತ್ತು. ಮಾಲೀಕರು ಆಫೀಸಿಗೆ ಬಂದು ಮಿಷನ್ ಹಾಕಲು ಹೇಳಿದರು. ನಾನು ಕೆಳಗೆ ಫೋನ್ ಮಾಡಿದೆ. ಕೆಳಗೆ ಎತ್ತಿದರು. ಹಾಕಬಹುದೇ ಎಂದು ಕೇಳಿದೆ. ಉತ್ತರ ಬರಲಿಲ್ಲ. ಹಲೋ ಹಲೋ ಎಂದು ಎರಡು ಸಲ ಕೂಗಿದೆ. ಆಗಲೂ ಇಲ್ಲ. ನಾನು ಮಾತು ನಿಲ್ಲಿಸಿ ಮಾಲೀಕರ ಮುಖ ನೋಡಿದೆ. ಅಷ್ಟರಲ್ಲಿ ಕೆಳಗೆ ಫೋನ್ ಇಟ್ಟ ಸದ್ದು ಕೇಳಿಸಿತು.

ಗುಂಡಿಯ ಹತ್ತಿರ ಯಾರೋ ಇದ್ದಾರೆ, ಆದರೆ ಮಾತಾಡುತ್ತಿಲ್ಲ, ನಾನೇ ಕೆಳಗೆ ಹೋಗಿ ನೋಡಿ ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಮಾಲೀಕರಿಗೆ ಹೇಳಿದೆ. ಅವರು ನಕ್ಕರು. ಹೇಳಿದ್ದು ಇಷ್ಟು: "ಮೌನಂ ಸಮ್ಮತಿ ಲಕ್ಷಣಂ ಅಂತ ಓದಿಲ್ಲೇನವ್ವ? ಬ್ಯಾಡ ಅನ್ನೋನು ಬಾಯಿ ಬಿಡ್ತಿದ್ದ." ನಾನು ಕೆಳಗೆ ಓಡಿದೆ. ಮೆಟ್ಟಿಲ ತಿರುವಿನಲ್ಲಿದ್ದಾಗ ಕಾಲ ಕೆಳಗೆ ಹಲಗೆ ಅದುರಿತು. ಮಿಷನ್ ಶುರುವಾಗಿತ್ತು. ಆಫೀಸಿನಲ್ಲಿ ಆಗ ಮಾಲೀಕರ ಹೊರತು ಬೇರೆ ಯಾರೂ ಇರಲಿಲ್ಲ.

ಆರಿಸ್ರೀ ಎಂದು ಹಿಂಬದಿಯಿಂದ ಹನುಮಮ್ಮ ಕೂಗಿದಳು. ಅವಳು ಅಂಗಳದಲ್ಲಿ ಭತ್ತ ಗುಡಿಸುವವಳು. ನಾನು ತಿರುಗಿ ಮೇಲೆ ಓಡಿ ಸ್ವಿಚ್ ಆರಿಸಿದೆ. ಮಾಲೀಕರು ಅದರ ಪಕ್ಕದಲ್ಲೇ ನಿಂತಿದ್ದರು, ಅವರ ಕೈ ಏಳಲಿಲ್ಲ. ಕೆಳಗೆ ಬಂದು ನೋಡಿದಾಗ ಗುಂಡಿಯೊಳಗೆ ಉಜ್ಜಪ್ಪ ಇದ್ದ. ವಯಸ್ಸು ಸುಮಾರು ನಲವತ್ತು, ಗಿರಣಿಯ ಹಳೆಯ ಆಳು. ಬಲಗೈ ಮೊಣಕೈಯಿಂದ ಮೇಲೆ ಬಕೆಟ್ಟಿಗೂ ತಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿದ್ದನ್ನು ನಾನು ಬರೆಸಲಾರೆ.

ಮಾಲೀಕರ ಜೀಪಿನಲ್ಲಿ ಶಿಕಾರಿಪುರದ ಸರ್ಕಾರಿ ಆಸ್ಪತ್ರೆಗೆ ಹೊರಟೆವು. ಅವನ ತಲೆ ಹನುಮಮ್ಮನ ತೊಡೆಯ ಮೇಲಿತ್ತು. ಹನುಮಮ್ಮ ದಾರಿಯಲ್ಲಿ ನನಗೆ ಹೇಳಿದ್ದೇನೆಂದರೆ, ಫೋನ್ ಎತ್ತಿದವನು ಉಜ್ಜಪ್ಪನೇ. ಅವನು ಫೋನಿನಲ್ಲಿ ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಾಳೆ. ನನ್ನ ಹಲೋ ಹಲೋ ಕೇಳಿ ಅವನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದನಂತೆ. ನಾನು ಸುಮ್ಮನಾದದ್ದರಿಂದ, ಅಕ್ಕಾರಿಗೆ ತಿಳೀತು ಬಿಡು ಎಂದು ಫೋನ್ ಇಟ್ಟು ಗುಂಡಿಗೆ ಇಳಿದನಂತೆ. ನನಗೆ ಅವನು ಕೇಳಿಸಲಿಲ್ಲ, ಅವನಿಗೆ ನಾನು ಚೆನ್ನಾಗಿಯೇ ಕೇಳಿಸುತ್ತಿದ್ದೆ.

ಆಸ್ಪತ್ರೆಯ ಜಗುಲಿಯಲ್ಲಿ ಮಾಲೀಕರು ನನ್ನನ್ನು ಬದಿಗೆ ಕರೆದರು. ಉಜ್ಜಪ್ಪ ಯಾರಿಗೂ ಹೇಳದೆ ಇಳಿದ ಎಂದು ಬರೆಸಿದರೆ ಸಾಕು, ಬೇರೇನೂ ಬೇಡ, ನೀನು ನಮ್ಮ ಮನೆಯ ಮಗಳಿದ್ದ ಹಾಗೆ ಎಂದರು. ಅವನು ಹೇಳದೆ ಇಳಿದ ಎಂದಾದರೆ ತಪ್ಪು ಅವನದು, ಕೈ ಹೋದದ್ದಕ್ಕೆ ಪರಿಹಾರವೂ ಇಲ್ಲ. ಇಷ್ಟು ತಿಳಿಯಲು ನನಗೆ ಟೈಪಿಂಗ್ ಪರೀಕ್ಷೆ ಬೇಕಿರಲಿಲ್ಲ. ಮನೆಯ ಮಗಳಾದರೆ ಮನೆಯ ಮರ್ಯಾದೆಗಾದರೂ ನಿಜ ಹೇಳಬೇಕಲ್ಲ ಎಂದು ಹೇಳಿ ಅಲ್ಲಿಂದ ಬಂದೆ.

ನಾನು ಠಾಣೆಗೆ ಬಂದು ತಿಳಿಸಿದ ಮೇಲೆ, ಈ ದಿನ ಸಂಜೆ ತಾವು ಗಿರಣಿಗೆ ಬಂದು, ನಮ್ಮೆದುರಿಗೆ ಗುಂಡಿಯ ಫೋನಿನ ಬಾಯಿಯ ಮುಚ್ಚಳ ತಿರುಗಿಸಿ ಬಿಚ್ಚಿದ್ದೀರಿ. ಒಳಗೆ ವಿಭೂತಿ ಸುಣ್ಣದಂತೆ ಗಟ್ಟಿಯಾಗಿ ಕೂತಿದ್ದನ್ನು ಮಾಲೀಕರೂ ನೋಡಿದ್ದಾರೆ.

ಜೀಪಿನಲ್ಲಿ ಉಜ್ಜಪ್ಪ ಒಮ್ಮೆ ಕಣ್ಣು ಬಿಟ್ಟು ನನ್ನನ್ನು ನೋಡಿದ. ಕೈಯ ವಿಷಯ ಕೇಳಲಿಲ್ಲ. "ಅಕ್ಕಾರೆ, ನಾ ಹೇಳಿದ್ನಲ್ರಿ," ಎಂದ. ಆದ್ದರಿಂದ ಹನುಮಮ್ಮ ಕೇಳಿಸಿಕೊಂಡ ಅವನ ಮಾತನ್ನು, ಫೋನಿನಿಂದ ಮೇಲೆ ಬಾರದೆ ಉಳಿದ ಮಾತನ್ನು, ಅವನು ಆಡಿದ ಹಾಗೆಯೇ ಇಲ್ಲಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಅಕ್ಕಾರೆ, ನಾ ಉಜ್ಜಪ್ಪ. ಗುಂಡಿ ಕಟ್ಟೈತಿ, ಒಳಗ ಇಳೀತೀನಿ. ನಾ ಮತ್ತೆ ಹೇಳೋ ತನ ಹಾಕಬ್ಯಾಡ್ರಿ."

ಬರೆದುಕೊಂಡದ್ದನ್ನು ನನ್ನ ಕೋರಿಕೆಯಂತೆ ಗಟ್ಟಿಯಾಗಿ ಓದಿ ಹೇಳಿದ್ದೀರಿ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ. ಈ ಸಲ ಒಂದೊಂದು ಮಾತೂ ನನಗೆ ಕೇಳಿಸಿದೆ.

ಸ್ಥಳ: ಆನವಟ್ಟಿ
ದಿನಾಂಕ: 13-10-1997
ಸಹಿ: ಚೈತ್ರಶ್ರೀ