ಜುಂಜಯ್ಯನ ಮುಂದೆ ಯಾರೂ ಊದಲಿಲ್ಲ

ಹಿರಿಯೂರಿನಲ್ಲಿ ಆ ಸಂಜೆ ಹಿಡಿದ ಮಳೆ ಬಿಡಲೇ ಇಲ್ಲ, ಕರೆಂಟೂ ಹೋಯಿತು. ತೆಂಗಿನಕಾಯಿ ಸುಲಿಯಲು ಬಂದಿದ್ದ ಹೆಂಗಸರು ಮುದ್ದಕ್ಕನ ಪಡಸಾಲೆಯಲ್ಲೇ ಸಿಕ್ಕಿಬಿದ್ದರು. ಮೂಲೆಯಲ್ಲಿ ಗೋಣಿಚೀಲ ಹೊದಿಸಿದ್ದ ಹಳೇ ಸಂಗೀತದ ಕೀಬೋರ್ಡಿನ ಮೇಲೆ ಮೊಮ್ಮಗಳು ಯಶೋದಾ ಲಾಟೀನು ಇಡಲು ಹೋದದ್ದೇ ತಡ, ಮುದುಕಿ ಗದರಿದಳು. ಯಶೋದಾಗೆ ರೇಗಿತು. ಮುಂದಿನ ವಾರ ತನ್ನ ಮದುವೆ. ಈ ಹಾಳು ಪೆಟ್ಟಿಗೆಯನ್ನು ಗುಜರಿಗೆ ಹಾಕು ಎಂದು ಅವಳು ಎಷ್ಟು ಸಲ ಹೇಳಿದ್ದಳು!

"ಕೈ ತೆಗಿಯೇ! ಬರ್ರಿ, ನೀವೂ ಹತ್ರ ಕುಂತ್ಕಳ್ರಿ, ಯಾಕೆ ಮುಟ್ಟಬಾರ್ದು ಅಂತ ಹೇಳ್ತೀನಿ...

"ನಮ್ಮಣ್ಣ ಜುಂಜಯ್ಯ ದಾಸಣ್ಣನ ಬ್ಯಾಂಡ್‌ಸೆಟ್ನಾಗೆ ತುತ್ತೂರಿ ಊದೋನು. ಮದುವೆಗೂ ಅವನೇ, ಹೆಣದ ಮುಂದೂ ಅವನೇ... ಸುಡುಗಾಡಿನ ತನಕ ಊದಿ, ಮಣ್ಣು ಹಾಕೋವಾಗ ಒಂದು ಕಡೇ ಹಾಡು, ಕೇಳಿದೋರು ಕಣ್ಣೊರೆಸ್ಕೊಳ್ದೆ ಬರ್ತಿರಲಿಲ್ಲ. ಬ್ಯಾಂಡಿನೋನು ಸತ್ರೆ ಜೊತೆಗಾರರೇ ಬಿಟ್ಟಿ ಊದಿ ಕಳಿಸ್ಬೇಕು, ಅದು ಅವರ ಕಟ್ಟುಪಾಡು. ಅಂಥಾದ್ರಾಗೆ ತೊಂಬತ್ಮೂರರಾಗೆ ದಾಸಣ್ಣ ಸೆಕೆಂಡ್‌ಹ್ಯಾಂಡ್ ಈ ಪೆಟ್ಟಿಗೆ ಹೊತ್ಕೊಂಡು ಬಂದ ನೋಡ್ರಿ... ಒಂದು ಸ್ವಿಚ್ ಒತ್ತಿದ್ರೆ ಪಿಟೀಲು ಮೇಳ, ಇನ್ನೊಂದು ಒತ್ತಿದ್ರೆ ತುತ್ತೂರಿ ಮೇಳ, ಅಷ್ಟೇ ಇದ್ರ ಬಂಡವಾಳ. ಅರ್ಧ ತಾಸು ಹಚ್ಚಿಟ್ಟು ಬೆಚ್ಚಗಾಗದಿದ್ರೆ ಸ್ವರಾನೇ ನಿಲ್ಲಲ್ಲ! ಆದ್ರೂ 'ಇದಕ್ಕೆ ಉಸಿರು ಬೇಡ, ಊಟ ಬೇಡ' ಅಂತ ಊದೋರನ್ನೆಲ್ಲ ಮನೆಗಟ್ಟಿದ. ಊದಿ ಊದಿ ಸವೆದ ಬಾಯಿ, ಸುಮ್ನೆ ಹೆಂಗಿರುತ್ತೆ? ನಮ್ಮಣ್ಣ ಕೊರಗಿ ಕೊರಗಿ ಆ ಬೇಸಿಗೆಗೇ ಸತ್ತ.

"ನಾನೇ ಹೋಗಿ ದಾಸಣ್ಣನ ಕಾಲಿಗೆ ಬಿದ್ದೆ, ಒಂದು ಹಾಡು ಊದ್ಸಪ್ಪಾ ಅಂತ. ಏನಂದ ಗೊತ್ತಾ? 'ತುತ್ತೂರಿ ಎಲ್ಲಾ ಮಾರಿದೀನಿ, ಪೆಟ್ಟಿಗೆ ತರಾಣ ಅಂದ್ರೆ ಸುಡುಗಾಡಿನಾಗೆ ಕರೆಂಟ್ ಎಲ್ಲೈತೆ?' ಅಂತ ನಕ್ಕ... ನಕ್ಕ ಕಣ್ರಮ್ಮಾ! ಊರಿನ ಹೆಣಕ್ಕೆಲ್ಲ ಊದಿದೋನು ಮೂಗನಂಗೆ ಮಣ್ಣಿಗೆ ಹೋದ. ಇವತ್ತಿಗೂ ನನ್ನ ಹೊಟ್ಟೆ ಉರೀತೈತೆ.

"ನಮ್ಮಣ್ಣ ಬಿಡ್ತಾನಾ? ಮುಂದಿನ ಮದುವೇಲಿ, ಸರಿಯಾಗಿ ತಾಳಿ ಕಟ್ಟೋ ಹೊತ್ತಿಗೆ, ಪಿಟೀಲು ಒತ್ತಿದ್ರೆ ತುತ್ತೂರಿ ಬಂತು... ಮಣ್ಣು ಹಾಕೋ ಹಾಡು! ದಾಸಣ್ಣ ವೈರ್ ಕಿತ್ತ, ನಿಲ್ಲಲಿಲ್ಲ. ನಡುನಡುವೆ ನಮ್ಮಣ್ಣ ಉಸಿರೆಳ್ಕೊಳ್ಳೋ ಸದ್ದು ಬೇರೆ... ಪೆಟ್ಟಿಗೆಗೆ ಉಸಿರೆಲ್ಲಿಂದ ಬರ್ಬೇಕು, ನೀವೇ ಹೇಳ್ರಿ? ಇನ್ನೊಂದು ಮದುವೇಲೂ ಹಿಂಗೇ ಆತು, ಬ್ಯಾಂಡು ಮುಚ್ತು. ದಾಸಣ್ಣ ಇದನ್ನ ತಂದು ನನ್ನ ಬಾಗಿಲಾಗೆ ಎಸೆದು ಹೋದ. ಅವತ್ತಿಂದ ಸುಮ್ನೆ ಬಿದ್ದೈತೆ, ವೈರೂ ಇಲ್ಲ."

ಯಶೋದಾ ನಗಲು ನೋಡಿದಳು, ಆಗಲಿಲ್ಲ. "ಅಜ್ಜೀ... ಹಂಗಾದ್ರೆ ನನ್ನ ಮದುವೇಲಿ?"

"ನಿನಗೇನೂ ಮಾಡಲ್ಲ, ನಿನ್ನ ತಾತ ಕಣೇ ಅವನು. ಅವನು ಕಾಯ್ತಿರೋದು ಒಬ್ಬನಿಗೇ. ಮೂಲೆಮನೆಯಾಗೆ ಆ ದಾಸಣ್ಣನಿಗೆ ಬೆಳಗಿಂದ ಮೇಲುಸಿರಂತೆ, ಕೇಳಿದ್ರಾ? ಗೋಣಿಚೀಲ ಎತ್ತಿ ಕೈ ಇಡು."

ಯಶೋದಾ ಕೈಯಿಟ್ಟಳು, ಥಟ್ಟನೆ ಹಿಂದಕ್ಕೆಳೆದುಕೊಂಡಳು.

"ಬೆಚ್ಚಗೈತಲ್ವಾ?" ಎಂದಳು ಮುದ್ದಕ್ಕ. "ಈ ಸಲ ಕಡೇ ಹಾಡು ಊದಲ್ಲ ನಮ್ಮಣ್ಣ. ದಾಸಣ್ಣನ ಹೆಣ ಎತ್ತೋವಾಗ ಊರಿಗೆಲ್ಲ ಕೇಳೋ ಹಂಗೆ ಮದುವೆ ಹಾಡು ಊದ್ತಾನೆ."