ಫೋನು ಹಿಡಿದ ಕೈ

ಇವತ್ತಿನ ಪ್ರವಚನದಲ್ಲಿ ಕರ್ತವ್ಯದ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ಮನೆಯವರಿಗಾಗಿ ನಮ್ಮ ಆಸೆಯನ್ನು ಬಿಟ್ಟುಕೊಡುವುದೇ ಕರ್ತವ್ಯ ಎಂದು ತಿಳಿದಿದ್ದೇವೆ. ಬಿಟ್ಟುಕೊಡುವುದು ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ಮುಚ್ಚಿಟ್ಟು ಬಿಟ್ಟುಕೊಟ್ಟರೆ? ಅದೂ ಕರ್ತವ್ಯವೇ?

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಹೆಸರು ಬೇಡ, ಹೇಳಿದರೆ ನಮ್ಮ ಬೀದಿಯವರೇ ಇರಬೇಕೆಂದು ಹುಡುಕುತ್ತೀರಿ. ಪಾತ್ರೆ ವ್ಯಾಪಾರ. ಮದುವೆಮನೆಗೆ ಕೊಪ್ಪರಿಗೆ ಬೇಕೆಂದರೆ ಅವನ ಅಂಗಡಿಗೇ ಹೋಗಬೇಕು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ವಯಸ್ಸಾದ ತಾಯಿ, ಒಬ್ಬಳೇ ಮಗಳು. ಮಗಳನ್ನು ಓದಲು ಜರ್ಮನಿಗೆ ಕಳಿಸಿದ. ಹೊರಡುವಾಗ ಒಂದು ಮಾತೂ ಬುದ್ಧಿ ಹೇಳಲಿಲ್ಲ, ತನ್ನ ಶಾಲನ್ನು ಮಡಿಸಿ ಅವಳ ಚೀಲದ ಮೇಲಿಟ್ಟ, ಅಷ್ಟೇ. ನೋಡಿ, ಇಂಥ ಅಪ್ಪನಿಗೆ ಎದುರಾಡುವುದು ಬಹಳ ಕಷ್ಟ. ಗದರುವ ಅಪ್ಪನ ಜೊತೆ ಜಗಳವಾದರೂ ಆಡಬಹುದು.

ಅಲ್ಲಿಯ ಮೊದಲ ಚಳಿಗಾಲ. ಬಸ್ಸಿಗೆ ಕಾಯುತ್ತ ಹುಡುಗಿ ನಡುಗುತ್ತಿದ್ದಳು. ಅವಳದೇ ತರಗತಿಯ ಹುಡುಗನೊಬ್ಬ, ಒಡಿಶಾದವನು, ನಮ್ಮ ಕಡೆ ಓದಿ ಕನ್ನಡ ಕಲಿತವನು, ತನ್ನ ಕೈಗವಸು ಬಿಚ್ಚಿಕೊಟ್ಟ. ಎರಡನ್ನೂ ಕೊಟ್ಟಿದ್ದರೆ ಅವಳು ಬೇಡವೆನ್ನುತ್ತಿದ್ದಳು. ಅವನು ಒಂದನ್ನೇ ಕೊಟ್ಟ. "ಇನ್ನೊಂದು ಕೈ ಜೇಬಲ್ಲಿಟ್ಕೋ, ನಾನೂ ಹಾಗೇ ಮಾಡ್ತೀನಿ" ಎಂದ. ಪ್ರೀತಿ ಹುಟ್ಟಲು ಇನ್ನೇನು ಬೇಕು, ನೀವೇ ಹೇಳಿ?

ಓದು ಮುಗಿಯುವ ಹೊತ್ತಿಗೆ ಅಪ್ಪನ ಫೋನು ಬಂತು. "ನನ್ನ ಗೆಳೆಯನ ಮಗ. ಒಳ್ಳೇ ಹುಡುಗ ಪುಟ್ಟಿ. ಯುಗಾದಿ ದಿನ ಅವರ ಮನೆಯವರು ಊಟಕ್ಕೆ ಬರ್ತಾರೆ, ಮಾತು ಮುಗಿಸೋಣ ಅಂತಿದ್ದೀನಿ. ನೀನೇನಂತೀಯ?"

ಅವಳಿಗೆ ಆ ಶಾಲು ನೆನಪಾಯಿತು. "ನಿಮ್ಮಿಷ್ಟ ಅಪ್ಪ" ಎಂದಳು.

ಅಪ್ಪನಿಗೆ ಎಷ್ಟು ಸಂತೋಷ! ಅಂಗಡಿಯವರಿಗೆಲ್ಲ ಸಿಹಿ ಹಂಚಿದ. ಮಗಳು ಅಲ್ಲಿ ಹುಡುಗನಿಗೆ ವಿಷಯ ಹೇಳಿದಳು. "ನಿಮ್ಮಪ್ಪಂಗೆ ಒಂದ್ಸಲ ಹೇಳಿ ನೋಡು" ಎಂದ ಅವನು. "ಆಗಲ್ಲ. ಅವರ ಮುಖ ನೋಡಕ್ಕಾಗಲ್ಲ ನಂಗೆ" ಎಂದಳು. ಅವನು ಜಗಳವಾಡಲಿಲ್ಲ. "ಹಾಗಾದ್ರೆ ಈ ಹಬ್ಬಕ್ಕೊಂದು ಫೋನು ಹಿಡೀತೀನಿ. ಆಮೇಲೆ ಬರಲ್ಲ" ಎಂದ.

ಯಾವ ಫೋನು ಅಂತೀರಾ? ಅದೇ ಕಥೆ. ಹುಡುಗಿಗೆ ಅಡುಗೆ ಬಾರದು. ಹಬ್ಬ ಬಂದರೆ ವಿಡಿಯೋದಲ್ಲಿ ಅಜ್ಜಿ ಇಲ್ಲಿಂದ ಹೇಳುತ್ತಿದ್ದಳು, ಮೊಮ್ಮಗಳು ಅಲ್ಲಿ ಮಾಡುತ್ತಿದ್ದಳು. ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿದ್ದೇನೆ ಎನ್ನುತ್ತಿದ್ದಳು. ಹಿಡಿದಿರುತ್ತಿದ್ದವನು ಈ ಹುಡುಗ.

ಯುಗಾದಿ ಬಂತು. ಇಲ್ಲಿ ಹೋಳಿಗೆ ಆಗಲೇ ಬೆಂದು ಬುಟ್ಟಿ ತುಂಬಿತ್ತು. ಅಪ್ಪ ಅಜ್ಜಿಯ ಪಕ್ಕದಲ್ಲೇ ಕುಳಿತಿದ್ದ, ಬೀಗರಾಗುವವರು ತಮ್ಮ ಮನೆಯಿಂದ ಇನ್ನೇನು ಹೊರಡುವ ಹೊತ್ತು. ಅಲ್ಲಿ ಮೊಮ್ಮಗಳ ಎರಡೂ ಕೈ ಮಣಿಕಟ್ಟಿನವರೆಗೆ ಎಣ್ಣೆ, ಕಣಕ.

"ಹೂರಣ ಕಾಣಿಸ್ತಿಲ್ಲ, ಹತ್ರ ತೋರ್ಸು" ಎಂದಳು ಅಜ್ಜಿ. ಫೋನು ಹತ್ತಿರ ಬಂತು.

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ಮೊಮ್ಮಗಳ ಎರಡೂ ಕೈ ಹಿಟ್ಟಿನಲ್ಲೇ ಇವೆ. "ಕಾವಲಿ ಕಡೆ ತಿರುಗ್ಸು." ತಿರುಗಿತು. "ಇನ್ನೊಂಚೂರು ಬಗ್ಗು." ಬಗ್ಗಿತು.

"ಏನೇ, ನಿನ್ನ ಡಬ್ಬಕ್ಕೆ ಕನ್ನಡ ಬರುತ್ತೇನೇ?"

ಹುಡುಗಿಯ ಕೈ ಹಿಟ್ಟಿನಲ್ಲೇ ನಿಂತಿತು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಅಜ್ಜಿ ಗದರಿದ್ದರೆ ಹೇಳಿಯೂ ಬಿಡುತ್ತಿದ್ದಳೇನೋ. ಆದರೆ ಅಜ್ಜಿ ಕೇಳಿದ್ದೇನು ಗೊತ್ತೇ? "ಆಗ್ಲಿಂದ ಹಿಡ್ಕೊಂಡೇ ನಿಂತಿದಾರಲ್ಲೇ ಕೂಸೇ, ಅವರ ಕೈ ನೋಯಲ್ವೇನೇ?"

ಹುಡುಗಿ ಅತ್ತುಬಿಟ್ಟಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಅಪ್ಪ ಫೋನಿನ ಹತ್ತಿರಕ್ಕೆ ಸರಿದ. ಆಮೇಲೆ, "ನಿಮ್ಮಿಷ್ಟ ಅಂದಿದ್ಯಲ್ಲ ಪುಟ್ಟಿ. ನಾನು ನಂಬಿದ್ದೆ" ಎಂದ.

"ನಿಮಗೆ ನೋವಾಗಬಾರದು ಅಂತ ಅಪ್ಪ."

"ನಂಗೆ ನೋವಾಗಬಾರದು, ಸರಿ. ಆ ಮನೆ ಹುಡುಗ ನಿನ್ನನ್ನ ಕಟ್ಕೊಂಡು ಬದುಕಬೇಕಾಗಿತ್ತಲ್ಲಮ್ಮ, ಅವನೇನು ತಪ್ಪು ಮಾಡಿದ್ದ?"

ಕೇಳಿದಿರಾ? ಅವಳು ಅಪ್ಪನ ಬಗ್ಗೆ ಯೋಚಿಸಿದ್ದಳು, ತನ್ನ ಹುಡುಗನನ್ನು ನೆನೆದು ಅತ್ತಿದ್ದಳು. ಆ ಮೂರನೆಯವನು ಅವಳ ಮನಸ್ಸಿಗೇ ಬಂದಿರಲಿಲ್ಲ. ಬಾಯಿ ಮುಚ್ಚಿಕೊಂಡು ಮಾಡಿದ ತ್ಯಾಗದಲ್ಲಿ ಹೀಗೇ ಆಗುತ್ತದೆ, ಏನೂ ಅರಿಯದ ಒಬ್ಬರ ತಲೆಯ ಮೇಲೆ ಭಾರ ಹೋಗಿ ಬೀಳುತ್ತದೆ.

ಅಪ್ಪ ಎದ್ದು ಗೆಳೆಯನ ಮನೆಗೆ ಫೋನು ಮಾಡಿದ. ಮುಚ್ಚುಮರೆಯಿಲ್ಲದೆ ವಿಷಯ ಹೇಳಿ ಕ್ಷಮೆ ಕೇಳಿದ. ಫೋನು ಎತ್ತಿದ್ದವಳು ಗೆಳೆಯನ ಹೆಂಡತಿ. "ಅಕ್ಷತೆ ಬೀಳೋ ಮುಂಚೆ ಹೇಳಿದ್ರಲ್ಲ ಅಣ್ಣಾ, ಅದೇ ದೊಡ್ಡದು" ಎಂದಳು. ಆಮೇಲೆ, "ಅದಿರ್ಲಿ, ಊಟಕ್ಕೆ ಬರೋದಾ ಬೇಡ್ವಾ? ನಿಮ್ಮನೇಗೆ ಅಂತ ನಾವು ಒಲೆನೇ ಹಚ್ಚಿಲ್ಲ!"

ಇಂಥ ಜನರೂ ಇದ್ದಾರೆ, ನೋಡಿ. ನಿಜ ಹೇಳಿದವರಿಗೆ ಮಾತ್ರ ಸಿಗುತ್ತಾರೆ.

ಅಪ್ಪ ಮರಳಿ ಬಂದು ಕುಳಿತ. "ಪುಟ್ಟಿ, ಈಗಲೇ ಹೂಂ ಅನ್ನಕ್ಕಾಗಲ್ಲ ನಂಗೆ. ಅವನು ಯಾರು, ಎಂಥವನು, ಅವರ ಮನೆಯವರು ಏನಂತಾರೆ, ನಾನು ನೋಡ್ಬೇಕು. ಓದು ಮುಗಿಸಿ ಬರುವಾಗ ಜೊತೆಗೆ ಕರ್ಕೊಂಡು ಬಾ." ಆಮೇಲೆ, "ಈಗ ಕೈ ತೊಳ್ಕೊಂಡು ಫೋನು ಈಸ್ಕೋ. ಅವನು ಕೂತು ತಿನ್ಲಿ" ಎಂದ.

ಫೋನು ಕೈ ಬದಲಾಯಿಸುವಾಗ ಚಿತ್ರ ಅಲುಗಾಡಿತು. ಗೋಡೆ ಕಂಡಿತು, ಒಲೆ ಕಂಡಿತು, ಕೊನೆಗೆ ಒಬ್ಬ ಹುಡುಗ ಕಂಡ. ಕೈ ಜೋಡಿಸಲು ಹೊರಟವನು, ಬಲಗೈ ಜೋಮು ಹಿಡಿದು ಅರ್ಧಕ್ಕೇ ನಿಂತಿದ್ದ. "ನಾ ಹೇಳ್ಲಿಲ್ವೇ" ಎಂದಳು ಅಜ್ಜಿ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನಿಮ್ಮ ಮಕ್ಕಳು ದೂರದಲ್ಲಿದ್ದಾರೆ, ದಿನಾ ಫೋನು ಮಾಡುತ್ತೀರಿ. ಏನು ಕೇಳುತ್ತೀರಿ? ಊಟ ಆಯ್ತಾ, ಚಳಿ ಇದೆಯಾ, ಪರೀಕ್ಷೆ ಯಾವಾಗ. ಮಗ "ನಿಮ್ಮಿಷ್ಟ" ಎಂದ ಕೂಡಲೇ ಹಿಗ್ಗಿ ಸಿಹಿ ಹಂಚಬೇಡಿ. "ನನ್ನಿಷ್ಟ ಇರಲಿ, ನಿನ್ನದೇನು?" ಎಂದು ಇನ್ನೊಮ್ಮೆ ಕೇಳಿ. ಕೇಳಿ ಸುಮ್ಮನಿರಿ, ಅವರು ಹೇಳುವವರೆಗೆ.

ಹಿಂದೆ ಕಂಬಕ್ಕೆ ಒರಗಿ ಕುಳಿತ ಮಕ್ಕಳೇ, ನಿಮಗೂ ಒಂದು ಮಾತು. ಅಪ್ಪ ಅಮ್ಮನ ಮಾತಿಗೆ ಒಪ್ಪುವುದಾದರೆ ಒಪ್ಪಿ, ಬಿಡುವುದಾದರೆ ಬಿಡಿ. ಯಾವುದನ್ನು ಮಾಡಿದರೂ ನಿಜ ಹೇಳಿ ಮಾಡಿ. ಅವರು ನೊಂದುಕೊಳ್ಳಬಹುದು. ನೊಂದುಕೊಳ್ಳಲಿ, ನಿಜ ತಿಳಿದು ನೊಂದುಕೊಳ್ಳುವುದು ಅವರ ಹಕ್ಕು.

ಇವತ್ತು ಮನೆಗೆ ಹೋಗಿ ಫೋನು ಮಾಡುತ್ತೀರಲ್ಲ, ಆಚೆ ಕಡೆ ಯಾರದೋ ಕೈ ಇದೆ ಅನ್ನಿಸಿದರೆ ಯಾರದು ಎಂದು ಗದರಬೇಡಿ. ಆ ಕೈ ನೋಯುತ್ತಿದೆಯೇ ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.